ವೈಕಿಂಗರಿಗೆ ಕೊಂಬಿರಲಿಲ್ಲ ಎಂದ ಗ್ರಂಥಪಾಲಕಿ: ಶ್ರೀಮತಿ ಇಂದುಮತಿ ಹಿರೇಮಠ

ಶ್ರೀಲತಾ, ನಾರ್ತ್‌ವಿಲ್

ಶಿಕಾಗೊ ಮತ್ತು ಡೆಟ್ರಾಯಿಟ್ ಸೀಮೆಯಲ್ಲಿ ನೆಲೆನಿಂತ ಕನ್ನಡಿಗರಲ್ಲಿ ವೈದ್ಯರೆಷ್ಟು, ಎಂಜಿನಿಯರರೆಷ್ಟು, ಕಂಪ್ಯೂಟರ್ ತಜ್ಞರೆಷ್ಟು ಎಂದು ಕೇಳಿದರೆ ನಮ್ಮ ಕನ್ನಡ ಕೂಟದ ಡೈರೆಕ್ಟರಿ ಪುಟಗಟ್ಟಲೆ ಉತ್ತರ ಕೊಡುತ್ತದೆ. ಅದೇ ಡೈರೆಕ್ಟರಿಯ ಉದ್ಯೋಗದ ಅಂಕಣದಲ್ಲಿ ‘ಶಾಲಾ ಗ್ರಂಥಪಾಲಕಿ’ ಎಂದು ಬರೆಸಿಕೊಂಡವರು ಕಳೆದ ಇಪ್ಪತ್ತಮೂರು ವರ್ಷಗಳಲ್ಲಿ ಒಬ್ಬರೇ ಒಬ್ಬರು. ಅವರು ಶ್ರೀಮತಿ ಇಂದುಮತಿ ಹಿರೇಮಠ. ಇಲಿನಾಯ್ ರಾಜ್ಯದ ಅರೋರಾದಲ್ಲಿ ಪುಸ್ತಕ ಜೋಡಿಸುವ ಅರೆಕಾಲಿಕ ಕೆಲಸದಿಂದ ಆರಂಭಿಸಿ, ಮಿಶಿಗನ್ನಿನ ಒಂದು ಹೈಸ್ಕೂಲಿನ ಗ್ರಂಥಾಲಯವನ್ನು ತಮ್ಮ ಮನೆಗಿಂತ ಹೆಚ್ಚಾಗಿ ನೋಡಿಕೊಂಡು, ಈ 2016ರ ಜೂನ್ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಈ ಹಿರಿಯರ ಗೌರವ ಸಂಪುಟಕ್ಕೆ ನಾಲ್ಕು ಮಾತು ಬರೆಯುವ ಅವಕಾಶ ಈ ಲೇಖಕಿಗೆ ಒದಗಿದೆ.

ಸಂಪಾದಕ ಸಮಿತಿಯವರು ಪತ್ರ ಬರೆದು, ಇಂದುಮತಿಯವರ ತಾಳ್ಮೆ, ನಗುಮುಖ, ಎಲ್ಲರೊಡನೆ ಹೊಂದಿಕೊಂಡು ಹೋಗುವ ಗುಣ, ಇವುಗಳ ಬಗ್ಗೆ ಬರೆದರೆ ಚೆನ್ನ ಎಂದು ಸೂಚಿಸಿದ್ದರು. ಸಮಿತಿಯವರು ಕ್ಷಮಿಸಬೇಕು. ಇಂದುಮತಿಯವರು ಹೊಂದಿಕೊಂಡು ಹೋದವರಲ್ಲ. ಹೊಂದಿಕೊಂಡು ಹೋದವರು ನಾವು. ಅವರು ಸಿಟ್ಟು ಮಾಡಿದವರು, ಆ ಸಿಟ್ಟು ಆರದಂತೆ ವರ್ಷಗಟ್ಟಲೆ ನೋಡಿಕೊಂಡವರು, ಅದರಿಂದ ಒಂದು ಊರಿನ ಮಕ್ಕಳಿಗೆ ಆರು ಸಾವಿರ ಪುಸ್ತಕ ಉಳಿಸಿಕೊಟ್ಟವರು. ಅದನ್ನು ಬದಿಗಿಟ್ಟು ಅವರ ಸೇವೆಯನ್ನು ಹೊಗಳುವುದೆಂದರೆ ಅವರಿಗೆ ಇನ್ನೊಮ್ಮೆ ಅನ್ಯಾಯ ಮಾಡಿದಂತೆ.

ಇಂದುಮತಿಯವರು ಬಾಗಲಕೋಟೆಯವರು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಯಂತ್ರೋಪಕರಣಗಳ ವಿನ್ಯಾಸದಲ್ಲಿ ಪಳಗಿದ ಎಂಜಿನಿಯರ್ ಸಂಗನಬಸಪ್ಪನವರನ್ನು ಮದುವೆಯಾಗಿ 1987ರಲ್ಲಿ ಅರೋರಾಕ್ಕೆ ಬಂದರು. ಧಾರವಾಡದ ಇತಿಹಾಸದ ಪದವಿಗೆ ಅಲ್ಲಿ ಯಾರೂ ಬಾಗಿಲು ತೆರೆಯಲಿಲ್ಲ. ಒಂದು ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಪುಸ್ತಕಗಳನ್ನು ಕಪಾಟಿಗೆ ಹಿಂದಿರುಗಿಸುವ ಕೆಲಸ ಸಿಕ್ಕಿತು. ಬೆಳಗ್ಗೆ ಆ ಕೆಲಸ ಮಾಡಿ, ಮಧ್ಯಾಹ್ನ ಶಿಕಾಗೊ ರೈಲು ಹಿಡಿದು, ಗ್ರಂಥಾಲಯ ವಿಜ್ಞಾನದ ಪದವಿಯನ್ನು ಅವರು ಮೂರು ವರ್ಷಗಳಲ್ಲಿ ಮುಗಿಸಿದರು. ರೈಲಿನಲ್ಲಿ ಓದಿ ಪಾಸಾದ ಪದವಿ ಅದು ಎಂದು ಅವರು ಇಂದಿಗೂ ಹೇಳುತ್ತಾರೆ.

ಸಾವಿರ ವರ್ಷಗಳ ಹಿಂದೆ ನಾರ್ವೇ, ಸ್ವೀಡನ್ ಕಡೆಯಿಂದ ಹಡಗಿನಲ್ಲಿ ಬಂದು ಯುರೋಪನ್ನು ದೋಚಿದ ವೈಕಿಂಗರ ಪರಿಚಯ ಅವರಿಗಾದದ್ದು ಅಲ್ಲೇ, ಒಂದು ಅವಮಾನದ ಮೂಲಕ. 1989ರ ಶರತ್ಕಾಲದಲ್ಲಿ ಮಕ್ಕಳ ಪುಸ್ತಕ ಸಪ್ತಾಹಕ್ಕೆಂದು ಇಂದುಮತಿಯವರು ರಟ್ಟಿನಲ್ಲಿ ಒಬ್ಬ ವೈಕಿಂಗನನ್ನು ಕತ್ತರಿಸಿ, ತಲೆಗೆ ಎರಡು ಕೊಂಬಿನ ಟೊಪ್ಪಿಗೆ ಅಂಟಿಸಿ ಬಾಗಿಲಲ್ಲಿ ನಿಲ್ಲಿಸಿದ್ದರು. ನಾರ್ವೇ ಮೂಲದ ಮಿಸೆಸ್ ಟ್ವೈಟ್ ಎಂಬ ಮುದುಕಿಯೊಬ್ಬರು ಅದರ ಮುಂದೆ ನಿಂತು, ಇದನ್ನು ಮಾಡಿದವರು ಯಾರು ಎಂದು ಕೇಳಿದರು. ಇಂದುಮತಿಯವರು ಹೆಮ್ಮೆಯಿಂದಲೇ ಮುಂದೆ ಬಂದರು. ತನ್ನ ಹಿರಿಯರು ಎತ್ತುಗಳಲ್ಲ, ಅವರಿಗೆ ಕೊಂಬಿರಲಿಲ್ಲ, ಗ್ರಂಥಾಲಯದ ಬಾಗಿಲಲ್ಲೇ ಸುಳ್ಳು ನಿಲ್ಲಿಸಿದರೆ ಒಳಗಿನ ಪುಸ್ತಕವನ್ನು ನಂಬುವುದು ಹೇಗೆ ಎಂದು ಆ ಮುದುಕಿ ಮಕ್ಕಳೆದುರಿಗೇ ಬೈದು ಹೋದರು. ಇತಿಹಾಸದ ಎಂ.ಎ. ಆದವರಿಗೆ ಅದು ಕೆನ್ನೆಗೆ ಬಿದ್ದ ಏಟಿನಂತಾಯಿತು. ಮುದುಕಿಯ ಮೇಲೆ ಬಂದ ಸಿಟ್ಟು ಸಂಜೆಯೊಳಗೆ ತಮ್ಮ ಮೇಲೆಯೇ ತಿರುಗಿತು. ಆ ಚಳಿಗಾಲವೆಲ್ಲ ಅವರು ವೈಕಿಂಗರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದರು.

ಓದಿದಷ್ಟೂ ಬೆರಗು ಹೆಚ್ಚಿತು. ಹೆಚ್ಚುಕಡಿಮೆ ಇಡಿಯಾಗಿ ಸಿಕ್ಕ ವೈಕಿಂಗ್ ಕಾಲದ ಶಿರಸ್ತ್ರಾಣಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದಕ್ಕೂ ಕೊಂಬಿಲ್ಲ. ಕೊಂಬು ಮೂಡಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಚಿತ್ರಗಾರರ ಕುಂಚದಿಂದ ಮತ್ತು ಜರ್ಮನಿಯ ರಂಗಭೂಮಿಯ ವೇಷಭೂಷಣದವರ ಕೈಯಿಂದ. ನಮ್ಮ ದೊಡ್ಡಾಟದ ಪಾತ್ರಧಾರಿಯ ಕಿರೀಟ, ಭುಜಕೀರ್ತಿ ನೋಡಿ, ಹಿಂದಿನ ಅರಸರು ಊಟಕ್ಕೂ ಹೀಗೆಯೇ ಕೂರುತ್ತಿದ್ದರು ಎಂದು ನಂಬಿದಂತೆ ಅದು. ಶತ್ರುವಿನ ತಲೆಬುರುಡೆಯಲ್ಲಿ ಮದ್ಯ ಕುಡಿಯುತ್ತಿದ್ದರೆಂಬ ಮಾತು ಹುಟ್ಟಿದ್ದು ಹಳೆಯ ಪದ್ಯವೊಂದರ ತಪ್ಪು ಅನುವಾದದಿಂದ. ಅಲ್ಲಿದ್ದದ್ದು ದನದ ಕೊಂಬಿನ ಬಟ್ಟಲು. ಕೊಳಕರೆಂದು ಹೆಸರಾದವರ ಗೋರಿಗಳಲ್ಲಿ ಬಾಚಣಿಗೆ ಸಿಗದ ಗೋರಿ ಅಪರೂಪ. ವಾರಕ್ಕೊಮ್ಮೆ ಸ್ನಾನ ಮಾಡಿ, ದಿನಾ ತಲೆ ಬಾಚಿ ನಮ್ಮ ಹೆಂಗಸರ ಮನಸ್ಸು ಕೆಡಿಸುತ್ತಾರೆ ಎಂದು ಇಂಗ್ಲೆಂಡಿನ ಮಠವೊಂದರ ಇತಿಹಾಸಕಾರ ದೂರಿದ್ದಾನೆ. ಗಂಡ ಬೇಡವಾದರೆ ಹೆಂಗಸು ಸಾಕ್ಷಿಗಳನ್ನು ಕರೆದು ಹೇಳಿ ಬಿಟ್ಟು ಹೋಗಬಹುದಿತ್ತು. ಸ್ವೀಡನ್ನಿನ ಒಂದು ದ್ವೀಪದಲ್ಲಿ, ಆ ಕಾಲದ ವ್ಯಾಪಾರದ ಊರೊಂದನ್ನು ಅಗೆದಾಗ, ಭಾರತದ ವಾಯವ್ಯ ಭಾಗದ ಕಡೆಯಿಂದ ಕೈಬದಲಾಗುತ್ತ ಹೋದ ಪುಟ್ಟ ಕಂಚಿನ ಬುದ್ಧ ಸಿಕ್ಕಿದ್ದಾನೆ. ‘ವೈಕಿಂಗ್’ ಎನ್ನುವುದು ಜನಾಂಗದ ಹೆಸರೇ ಅಲ್ಲ, ಕಡಲಿಗಿಳಿದು ದೋಚಲು ಹೋಗುವ ದಂಧೆಯ ಹೆಸರು. ಉಳಿದವರೆಲ್ಲ ದನ ಕಟ್ಟಿಕೊಂಡು ಹೊಲ ಉತ್ತ ರೈತರು.

ಹಾಗೆಂದು ಇಂದುಮತಿಯವರು ವೈಕಿಂಗರನ್ನು ಸಾಧುಗಳನ್ನಾಗಿ ಮಾಡಲಿಲ್ಲ. ಮನುಷ್ಯರನ್ನು ಹಿಡಿದು ಗುಲಾಮರ ಸಂತೆಯಲ್ಲಿ ಮಾರಿದ್ದು ಅವರ ಸಂಪತ್ತಿನ ದೊಡ್ಡ ಮೂಲ ಎಂಬುದನ್ನು ಮಕ್ಕಳಿಗೆ ಹೇಳದೆ ಬಿಟ್ಟದ್ದಿಲ್ಲ. ಕೊಂಬಿನ ಸುಳ್ಳನ್ನು ಎಲ್ಲರೂ ಹೇಳುತ್ತಾರೆ, ಗುಲಾಮರ ನಿಜವನ್ನು ಯಾರೂ ಹೇಳುವುದಿಲ್ಲ ಎಂಬುದೇ ಅವರ ಮೊದಲ ತಕರಾರು. ವೈಕಿಂಗರ ಬಗ್ಗೆ ಉದ್ದಕ್ಕೆ ಬರೆದಿಟ್ಟವರು ಅವರಿಂದ ಪೆಟ್ಟು ತಿಂದ ಮಠಗಳ ಪಾದ್ರಿಗಳು. ವೈಕಿಂಗರು ತಾವೇ ಬರೆದುಕೊಂಡದ್ದು, ನಮ್ಮ ವೀರಗಲ್ಲುಗಳಂತೆ, ಸತ್ತವರ ಹೆಸರಿನಲ್ಲಿ ಕಲ್ಲಿನ ಮೇಲೆ ನಾಲ್ಕು ಸಾಲು. ದಾಖಲೆ ಯಾರ ಕೈಯಲ್ಲಿದೆಯೋ ಇತಿಹಾಸ ಅವರ ಬಾಯಲ್ಲಿ ಎಂಬ ಪಾಠ ಅವರಿಗೆ ಅಲ್ಲಿ ಸಿಕ್ಕಿತು.

1993ರಲ್ಲಿ ಸಂಗನಬಸಪ್ಪನವರಿಗೆ ಡೆಟ್ರಾಯಿಟ್ ಬಳಿ ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಕೆಲಸವಾಗಿ ದಂಪತಿಗಳು ನಾರ್ತ್‌ವಿಲ್‌ಗೆ ಬಂದರು. ಅಲ್ಲಿಂದ ಹದಿನೆಂಟು ಮೈಲಿ ದೂರದ ಕಾರ್ಮಿಕರ ಊರೊಂದರ ಹೈಸ್ಕೂಲಿನಲ್ಲಿ ಇಂದುಮತಿಯವರು ಗ್ರಂಥಪಾಲಕಿಯಾದರು. ಊರಿನ ಹೆಸರು ಇಲ್ಲಿ ಬೇಡ. ಆ ಶಾಲೆಯ ಫುಟ್‌ಬಾಲ್ ತಂಡದ ಹೆಸರು ವೈಕಿಂಗ್ಸ್. ಶಾಲೆಯ ಗೋಡೆ, ಜಾಕೆಟ್ಟು, ನೀರಿನ ಬಾಟಲಿ, ಎಲ್ಲದರ ಮೇಲೂ ಕೊಂಬಿನ ಟೊಪ್ಪಿಗೆಯ ಗಡ್ಡದವನು. ಇಂದುಮತಿಯವರು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಗ್ರಂಥಾಲಯದ ಬಾಗಿಲಲ್ಲಿ ಕೊಂಬಿಲ್ಲದ ವೈಕಿಂಗನನ್ನು ನಿಲ್ಲಿಸಿ, ಕೈಗೆ ಕತ್ತಿಯ ಬದಲು ಬಾಚಣಿಗೆ ಕೊಟ್ಟರು. ಹುಡುಗರು ನಕ್ಕರು, ಕೋಚ್ ಮುನಿಸಿಕೊಂಡ, ಆದರೆ ಪ್ರತಿ ಅಕ್ಟೋಬರಿನಲ್ಲಿ ಕೊಂಬಿಲ್ಲದ ವೈಕಿಂಗನ ಆ ಒಂದು ವಾರ ನಡೆದೇ ನಡೆಯಿತು. ಹೀಗೆ ಹದಿನೈದು ವರ್ಷ.

ಆಮೇಲೆ 2008 ಬಂತು.

ಆರ್ಥಿಕ ಕುಸಿತದ ಆ ವರ್ಷಗಳನ್ನು ಇಲ್ಲಿದ್ದು ಕಂಡವರಿಗೆ ವಿವರಿಸಬೇಕಿಲ್ಲ. ಆ ಊರಿನ ಕಾರ್ಖಾನೆ ಶರತ್ಕಾಲದಲ್ಲಿ ಎರಡು ಪಾಳಿಯಿಂದ ಒಂದು ಪಾಳಿಗೆ ಇಳಿದು ಕ್ರಿಸ್‌ಮಸ್ ಹೊತ್ತಿಗೆ ಬಾಗಿಲು ಹಾಕಿತು. ನಿರುದ್ಯೋಗ ಭತ್ಯೆಗೆ ಕಂಪ್ಯೂಟರಿನಲ್ಲಿ ಅರ್ಜಿ ಹಾಕಬೇಕು; ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರು ಕಡಿಮೆ, ಇದ್ದವರು ಇಂಟರ್‌ನೆಟ್ ತೆಗೆಸಿದ್ದರು. ಶಾಲೆ ಬಿಟ್ಟ ಮೇಲೆ ಇಂದುಮತಿಯವರು ಗ್ರಂಥಾಲಯದ ಬಾಗಿಲನ್ನು ತಂದೆತಾಯಿಗಳಿಗೂ ತೆರೆದಿಟ್ಟರು. ಮೂವತ್ತು ವರ್ಷ ಪ್ರೆಸ್ ಮೆಷಿನ್ ನಡೆಸಿದ ಗಂಡಸರು ಕೀಬೋರ್ಡಿನಲ್ಲಿ ಒಂದೊಂದೇ ಅಕ್ಷರ ಹುಡುಕುತ್ತ ಕುಳಿತಿರುವಾಗ, ಅವರ ಮಕ್ಕಳು ಅದನ್ನು ನೋಡದಿರಲೆಂದು ಮಕ್ಕಳ ಮೇಜುಗಳನ್ನು ಕಿಟಕಿಯ ಕಡೆ ತಿರುಗಿಸಿಟ್ಟದ್ದು ಅವರೇ. ಮನೆ ಬ್ಯಾಂಕಿನ ಪಾಲಾಗಿ ಚಿಕ್ಕಪ್ಪನ ಮನೆಯ ಹಾಲಿನಲ್ಲಿ ಮಲಗುತ್ತಿದ್ದ ಹುಡುಗಿಯೊಬ್ಬಳಿಗೆ ಓದಿಕೊಳ್ಳಲೆಂದು ತಮ್ಮ ಕಚೇರಿಯ ಕುರ್ಚಿಯನ್ನೇ ಬಿಟ್ಟುಕೊಟ್ಟು, ಇಡೀ ಚಳಿಗಾಲ ತಾವು ಸ್ಟೂಲಿನ ಮೇಲೆ ಕೂತು ಕೆಲಸ ಮಾಡಿದರು. ಜನವರಿಯಲ್ಲಿ ಸಂಗನಬಸಪ್ಪನವರ ಕೆಲಸವೂ ಹೋಯಿತು. ಗಂಡಹೆಂಡಿರಿಬ್ಬರ ಆರೋಗ್ಯ ವಿಮೆ ಇಂದುಮತಿಯವರ ನೌಕರಿಯ ಮೇಲೆ ನಿಂತಿತು.

2009ರ ಮಾರ್ಚ್ ತಿಂಗಳ ಸಭೆಯಲ್ಲಿ ಶಾಲಾ ಮಂಡಳಿ ಎರಡು ತೀರ್ಮಾನ ಮಾಡಿತು. ಒಂದು, ಉಳಿತಾಯಕ್ಕಾಗಿ ಗ್ರಂಥಾಲಯವನ್ನು ಜೂನ್‌ಗೆ ಮುಚ್ಚಿ ಆ ಜಾಗದಲ್ಲಿ ಆಟಗಾರರಿಗೆ ಭಾರ ಎತ್ತುವ ವ್ಯಾಯಾಮದ ಕೋಣೆ ಮಾಡುವುದು. ಹನ್ನೊಂದು ಸಾವಿರ ಪುಸ್ತಕಗಳನ್ನು ನಗರದ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಡುವುದು, ಅವರನ್ನು ಈಗಾಗಲೇ ಕೇಳಿ ಆಗಿದೆ ಎಂದು ಮಂಡಳಿ ಸಭೆಗೆ ತಿಳಿಸಿತು. ಎರಡು, ಒಬ್ಬ ದಾನಿ ಕೊಡಿಸಲಿರುವ ಹನ್ನೆರಡು ಅಡಿ ಎತ್ತರದ ಫೈಬರ್‌ಗ್ಲಾಸ್ ವೈಕಿಂಗನನ್ನು ಆಟದ ಮೈದಾನದ ಬಾಗಿಲಲ್ಲಿ ನಿಲ್ಲಿಸಲು ಶಾಲೆಯ ಖರ್ಚಿನಲ್ಲಿ ಕಾಂಕ್ರೀಟ್ ಕಟ್ಟೆ ಕಟ್ಟುವುದು. ಎರಡನೆಯದಕ್ಕೆ ಚಪ್ಪಾಳೆ ಬಿತ್ತು. ಚಿತ್ರದಲ್ಲಿದ್ದ ಆ ವೈಕಿಂಗನಿಗೆ ಕೊಂಬುಗಳಿದ್ದವು.

ಇಂದುಮತಿಯವರು ಆ ದಿನ ಸುಮ್ಮನಿದ್ದರು. ಪುಸ್ತಕಗಳು ಊರಿನಲ್ಲೇ ಉಳಿಯುತ್ತವಲ್ಲ ಎಂದು ಮನಸ್ಸನ್ನು ಸಮಾಧಾನ ಮಾಡಿಕೊಂಡರು. ಆ ದಿನ ಸುಮ್ಮನಿದ್ದುದಕ್ಕೆ ಅವರು ತಮ್ಮನ್ನು ತಾವು ಇನ್ನೂ ಕ್ಷಮಿಸಿಲ್ಲ.

ಏಪ್ರಿಲ್‌ನಲ್ಲಿ ಶಾಲೆಗೆ ಒಂದು ವಾರ ರಜೆ. ಸಂಗನಬಸಪ್ಪನವರಿಗೆ ಶಿಕಾಗೊದಲ್ಲಿ ಬುಧವಾರ ಒಂದು ಇಂಟರ್‌ವ್ಯೂ ಇದ್ದುದರಿಂದ ಇಬ್ಬರೂ ಅರೋರಾದ ಹಳೆಯ ಸ್ನೇಹಿತರ ಮನೆಯಲ್ಲಿ ಉಳಿದಿದ್ದರು. ಮಂಗಳವಾರ ಬೆಳಗ್ಗೆ ಶಾಲೆಯ ಕ್ಯಾಂಟೀನಿನ ಅಡುಗೆಯವರಾದ ಮಿಸೆಸ್ ವಾಯ್ಚಿಕ್ ಫೋನ್ ಮಾಡಿದರು. ಅವರು ರಜೆಯಲ್ಲಿ ಅಡುಗೆಮನೆ ತೊಳೆಯಲು ಹೋಗಿದ್ದರು. ಶಾಲೆಯ ಹಿತ್ತಿಲಲ್ಲಿ ಕಸ ತುಂಬಲು ಲಾರಿಯಷ್ಟು ದೊಡ್ಡ ಕಬ್ಬಿಣದ ತೊಟ್ಟಿ, ಡಂಪ್‌ಸ್ಟರ್ ಬಂದು ನಿಂತಿದೆ, ಇಬ್ಬರು ಕೆಲಸದವರು ನಿನ್ನೆಯಿಂದ ಕೈಗಾಡಿಯಲ್ಲಿ ಪುಸ್ತಕ ತಂದು ಅದರಲ್ಲಿ ಸುರಿಯುತ್ತಿದ್ದಾರೆ, ಮೇಲೆ ಮಳೆ ಬೀಳುತ್ತಿದೆ ಎಂದರು.

ಇಂದುಮತಿಯವರು ಅಷ್ಟರವರೆಗೆ ಒಬ್ಬರೇ ನಲವತ್ತು ಮೈಲಿಗಿಂತ ಹೆಚ್ಚು ಕಾರು ಓಡಿಸಿದವರಲ್ಲ. ಅಂದು ಗಂಡನನ್ನು ಅರೋರಾದಲ್ಲೇ ಬಿಟ್ಟು, ರೈಲಿನಲ್ಲಿ ಇಂಟರ್‌ವ್ಯೂಗೆ ಹೋಗಿ ಬರಲು ಹೇಳಿ, ಇನ್ನೂರ ಎಪ್ಪತ್ತು ಮೈಲಿ ಒಬ್ಬರೇ ಬಂದರು. ಇಂಡಿಯಾನಾ ದಾಟುವಾಗ ಲಾರಿಗಳ ನಡುವೆ ಭಯವಾಗಲಿಲ್ಲವೇ ಎಂದು ಕೇಳಿದರೆ, ಭಯ ಮಿಶಿಗನ್ ಗಡಿಯಲ್ಲೇ ಇಳಿದು ಹೋಯಿತು, ಅಲ್ಲಿಂದ ಮುಂದೆ ಜೊತೆಗಿದ್ದದ್ದು ಸಿಟ್ಟೊಂದೇ ಎನ್ನುತ್ತಾರೆ. ನಾಲ್ಕೂವರೆಗೆ ಶಾಲೆಯ ಹಿತ್ತಿಲಿಗೆ ಬಂದು ನೋಡಿದರೆ ಹದಿನೈದು ವರ್ಷಗಳಿಂದ ತಾವು ಒಂದೊಂದಾಗಿ ಆರಿಸಿ ತರಿಸಿದ ಪುಸ್ತಕಗಳು ಬೆನ್ನು ಮುರಿದು, ಪುಟ ಬಿಚ್ಚಿ, ನೀರಿನಲ್ಲಿ ಊದಿಕೊಂಡು ಬಿದ್ದಿದ್ದವು. ನಿಘಂಟುಗಳಿದ್ದವು. ಮಿಶಿಗನ್ನಿನ ಭೂಪಟಗಳಿದ್ದವು. ಮೇಲುಗಡೆಯೇ, ಅವರೇ ಪ್ಲಾಸ್ಟಿಕ್ ಹೊದಿಕೆ ಹಾಕಿದ್ದ ವೈಕಿಂಗರ ಹಡಗುಗಳ ಚಿತ್ರಪುಸ್ತಕವಿತ್ತು.

ಐವತ್ತನಾಲ್ಕು ವರ್ಷದ ಹೆಂಗಸು ಆ ಡಂಪ್‌ಸ್ಟರಿನ ಕಬ್ಬಿಣದ ಮೆಟ್ಟಿಲು ಹತ್ತಿ ಒಳಗಿಳಿದರು. ಮಿಸೆಸ್ ವಾಯ್ಚಿಕ್ ಹೊರಗೆ ನಿಂತು ಕೈಚಾಚಿ ಪುಸ್ತಕ ಇಳಿಸಿಕೊಂಡರು. ಪ್ರಿನ್ಸಿಪಾಲರು ಬಂದು, ಇವೆಲ್ಲ ಹಳತಾದ ಪುಸ್ತಕಗಳು, ನೀವು ಹೀಗೆ ಮಾಡುವುದು ಸುರಕ್ಷಿತವಲ್ಲ ಎಂದರು. ನಿಘಂಟು ಯಾವ ತಾರೀಖಿಗೆ ಹಳಸುತ್ತದೆ ಎಂದು ಇಂದುಮತಿಯವರು ಒಳಗಿನಿಂದಲೇ ಕೇಳಿದರು. ಪ್ರಿನ್ಸಿಪಾಲರು ಒಳಗೆ ಹೊರಟುಹೋದರು. ಇಂದುಮತಿಯವರು ಚಿಕ್ಕ ಕ್ಯಾಮರಾದಲ್ಲಿ ಎಪ್ಪತ್ತು ಫೋಟೋ ತೆಗೆದರು. ಮಾರನೆಯ ಬೆಳಗ್ಗೆ ನಗರದ ಗ್ರಂಥಾಲಯಕ್ಕೆ ಹೋಗಿ ವಿಚಾರಿಸಿದರೆ, ಪುಸ್ತಕ ಬೇಕೇ ಎಂದು ಶಾಲೆಯವರು ತಮ್ಮನ್ನು ಎಂದೂ ಕೇಳಿಯೇ ಇಲ್ಲ, ಒಂದು ಪತ್ರವಿಲ್ಲ, ಒಂದು ಫೋನಿಲ್ಲ ಎಂದು ಅಲ್ಲಿನವರು ಹೇಳಿದರು. ಮಾರ್ಚ್ ತಿಂಗಳಿನಲ್ಲಿ ಮಂಡಳಿ ಊರಿನ ಮುಂದೆ ಹೇಳಿದ್ದು ಹಸಿ ಸುಳ್ಳು.

ಅಲ್ಲಿಂದ ಮುಂದಿನ ಐದು ವಾರ ಅವರ ಮನೆಯಲ್ಲಿ ನೆಮ್ಮದಿ ಇರಲಿಲ್ಲ. ಸಂಗನಬಸಪ್ಪನವರಿಗೆ ಶಿಕಾಗೊದ ಕೆಲಸ ಸಿಗಲಿಲ್ಲ. ಶಾಲೆಯ ಆಡಳಿತ ಕಚೇರಿಯಿಂದ ಒಬ್ಬರು ಇಂದುಮತಿಯವರನ್ನು ಕರೆದು, ಈ ವಿಷಯ ಇಲ್ಲಿಗೇ ಬಿಟ್ಟರೆ ಮುಂದಿನ ವರ್ಷ ಕಂಪ್ಯೂಟರ್ ಲ್ಯಾಬ್ ನಿಮ್ಮದೇ ಎಂದು ಮೃದುವಾಗಿ ತಿಳಿಸಿದರು. ಬಿಡದಿದ್ದರೆ ಏನು ಎಂಬುದನ್ನು ಅವರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಗಂಡಹೆಂಡಿರ ನಡುವೆ ಜಗಳವಾಯಿತು.

“ಇನ್ಶೂರೆನ್ಸ್ ನಿನ್ನ ನೌಕರಿ ಮ್ಯಾಲೆ ನಿಂತೈತಿ,” ಎಂದರು ಸಂಗನಬಸಪ್ಪನವರು. “ಪುಸ್ತಕ ಮತ್ತ ತರಿಸಬಹುದು. ಈ ವಯಸ್ಸಿನ್ಯಾಗ ನಮಗ ಮತ್ತ ಯಾರು ಕೆಲಸ ಕೊಡತಾರ?”

“ಪುಸ್ತಕ ಹೋದುವು ಅಂತ ಅಲ್ಲ ನನಗ ಸಿಟ್ಟು,” ಎಂದರು ಇಂದುಮತಿಯವರು. “ಕೊಡತೀವಿ ಅಂತ ಸುಳ್ಳು ಹೇಳಿ ಒಗದರಲ್ಲ, ಅದಕ್ಕ. ನಾ ಈಗ ಸುಮ್ಮನಿದ್ದರ ಆ ಸುಳ್ಳು ನಂದೂ ಆಗತೈತಿ.”

ಮಾರನೆಯ ಬೆಳಗ್ಗೆ ಸಂಗನಬಸಪ್ಪನವರು ವಿಮೆಯ ಕಾಗದಗಳನ್ನು ಊಟದ ಮೇಜಿನ ಮೇಲೆ ಹರಡಿಟ್ಟು ಹೋದರು.

ಮೇ 18ರ ಸೋಮವಾರ ಸಂಜೆ ಏಳಕ್ಕೆ ಮಂಡಳಿಯ ಸಭೆ. ಸಾರ್ವಜನಿಕರು ಹೆಸರು ಬರೆಸಿ ತಲಾ ಮೂರು ನಿಮಿಷ ಮಾತಾಡಬಹುದು. ಇಂದುಮತಿಯವರು ನಮ್ಮ ಕೂಟದಲ್ಲಿ ಸುತ್ತಮುತ್ತ ಇದ್ದ ನಲವತ್ತೆರಡು ಮನೆಗಳಿಗೆ ಈಮೇಲ್ ಬರೆದರು. ಯಾರೂ ಮಾತಾಡಬೇಕಿಲ್ಲ, ಸುಮ್ಮನೆ ಬಂದು ಹಿಂದೆ ಕೂತರೆ ಸಾಕು, ಕುರ್ಚಿ ತುಂಬಿದ್ದರೆ ಅವರು ಸ್ವಲ್ಪ ಯೋಚಿಸಿಯಾರು ಎಂದಷ್ಟೇ ಅದರಲ್ಲಿತ್ತು. ಆಗ ಕೂಟದ ಅಧ್ಯಕ್ಷರಾಗಿದ್ದ ಶ್ರೀಕಾಂತ್ ಅವರಿಗೆ ಫೋನ್ ಮಾಡಿದರು. ಶ್ರೀಕಾಂತ್ ಒಳ್ಳೆಯ ಮನುಷ್ಯ. ಅವರ ಕಂಪನಿಯಲ್ಲೂ ಆ ತಿಂಗಳು ಕೆಲಸದಿಂದ ತೆಗೆಯಬೇಕಾದವರ ಪಟ್ಟಿ ತಯಾರಾಗುತ್ತಿತ್ತು. “ಮೇಡಂ, ಈಗ ಟೈಮ್ ಸರಿ ಇಲ್ಲ. ನಾವು ಹೊರಗಿನಿಂದ ಬಂದವರು, ಸುಮ್ನೆ ಯಾಕೆ ಕಣ್ಣಿಗೆ ಬೀಳೋದು ಅಂತ,” ಎಂದರು. ಅದಕ್ಕೆ ಇಂದುಮತಿಯವರು, “ಇಪ್ಪತ್ತೆರಡು ವರ್ಷ ಆತು ಶ್ರೀಕಾಂತ್ ನಾ ಇಲ್ಲಿಗೆ ಬಂದು. ಇನ್ನೂ ಎಷ್ಟು ವರ್ಷ ಹೊರಗಿನಾಕಿ ಆಗಿರಬೇಕು ನಾನು?” ಎಂದು ಕೇಳಿ ಫೋನ್ ಇಟ್ಟರು.

ಆ ನಲವತ್ತೆರಡು ಮನೆಗಳಿಂದ ಒಬ್ಬರೂ ಹೋಗಲಿಲ್ಲ. ಒಬ್ಬರಿಗೆ ಮಗಳ ಡ್ಯಾನ್ಸ್ ರಿಹರ್ಸಲ್ ಇತ್ತು, ಒಬ್ಬರಿಗೆ ಗ್ರೀನ್ ಕಾರ್ಡಿನ ಚಿಂತೆ ಇತ್ತು, ಒಬ್ಬರಿಗೆ ಅದು ತಮ್ಮ ಸ್ಕೂಲ್ ಡಿಸ್ಟ್ರಿಕ್ಟೇ ಅಲ್ಲವಲ್ಲ ಎಂಬ ಸಮಾಧಾನ ಇತ್ತು. ಈ ಲೇಖಕಿಗೆ ಇವು ಯಾವ ಕಾರಣವೂ ಇರಲಿಲ್ಲ. ಆ ಸಂಜೆ ಅವಳು ಮನೆಯಲ್ಲಿ ಟಿ.ವಿ. ನೋಡುತ್ತಿದ್ದಳು.

ಸಭೆಗೆ ಬಂದವರು ಯಾರೆಂದರೆ ಮಿಸೆಸ್ ವಾಯ್ಚಿಕ್, ಗ್ರಂಥಾಲಯದಲ್ಲಿ ನಿರುದ್ಯೋಗ ಭತ್ಯೆಯ ಅರ್ಜಿ ತುಂಬಿದ್ದ ಒಂಬತ್ತು ಮಂದಿ ಕಾರ್ಮಿಕರು, ಸ್ಥಳೀಯ ಪತ್ರಿಕೆಯ ಒಬ್ಬ ವರದಿಗಾರ. ಹೆಂಡತಿಯನ್ನು ಕರೆತಂದ ಸಂಗನಬಸಪ್ಪನವರು ಕಾರಿನಲ್ಲೇ ಕೂತಿದ್ದರು. ಇಂದುಮತಿಯವರ ಹೆಸರು ಕರೆಯುವ ಹೊತ್ತಿಗೆ ಒಳಗೆ ಬಂದು ಹಿಂದಿನ ಗೋಡೆಗೆ ಒರಗಿ ನಿಂತರು. ಮೈಮೇಲೆ, ತಮ್ಮನ್ನು ತೆಗೆದುಹಾಕಿದ ಕಂಪನಿಯ ಜಾಕೆಟ್ಟೇ ಇತ್ತು.

ಇಂದುಮತಿಯವರು ಬರೆದು ತಂದದ್ದನ್ನು ಓದಲಿಲ್ಲ. ಅಂದು ಇಂಗ್ಲಿಷಿನಲ್ಲಿ ಅವರಾಡಿದ ಮಾತಿನ ಸಾರವನ್ನು ಆ ವರದಿಗಾರ ಮರುದಿನ ಅಚ್ಚು ಹಾಕಿದ್ದರಿಂದ ಇಲ್ಲಿ ಕೊಡಲು ಸಾಧ್ಯವಾಗಿದೆ.

“ಈ ಶಾಲೆಗೆ ವೈಕಿಂಗರ ಹೆಸರಿದೆ. ಅವರ ಬಗ್ಗೆ ನೀವು ನಂಬಿರುವುದರಲ್ಲಿ ಹೆಚ್ಚಿನದು ಸುಳ್ಳು, ಆದರೆ ಒಂದು ನಿಜ. ಅವರು ಪುಸ್ತಕ ದೋಚಿದರು. ಒಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಒಂದು ಧರ್ಮಗ್ರಂಥ ಅವರ ಕೈಗೆ ಸಿಕ್ಕಿತು. ಅದರ ಲಿಪಿ ಅವರಿಗೆ ಬರುತ್ತಿರಲಿಲ್ಲ, ಅದರ ದೇವರು ಅವರ ದೇವರಲ್ಲ. ಆದರೂ ಅವರು ಅದನ್ನು ಸುಡಲಿಲ್ಲ. ಇಂಗ್ಲೆಂಡಿನ ಒಬ್ಬ ಗಂಡ ಮತ್ತು ಹೆಂಡತಿ ಅಪ್ಪಟ ಚಿನ್ನ ಕೊಟ್ಟು ಅದನ್ನು ಅವರಿಂದ ಬಿಡಿಸಿಕೊಂಡರು. ಆ ಪುಸ್ತಕ ಇಂದಿಗೂ ಇದೆ. ಪುಸ್ತಕಕ್ಕೆ ಬೆಲೆ ಇದೆ ಎಂದು ಆ ದರೋಡೆಗಾರರಿಗೆ ಗೊತ್ತಿತ್ತು. ನೀವು ನಮಗೆ ಕೊಂಡುಕೊಳ್ಳುವ ಅವಕಾಶವನ್ನೂ ಕೊಡಲಿಲ್ಲ, ಮಳೆಯಲ್ಲಿ ಎಸೆದಿರಿ. ನಗರದ ಗ್ರಂಥಾಲಯವನ್ನು ಕೇಳಿದ್ದೇವೆ ಎಂದು ಮಾರ್ಚ್‌ನಲ್ಲಿ ಹೇಳಿದಿರಿ. ಯಾರು ಕೇಳಿದರು, ಯಾವ ದಿನ? ಪುಸ್ತಕಗಳನ್ನು ಕಸಕ್ಕೆ ಹಾಕಲು ಹೇಳಿದವರು ಯಾರು?”

ಅವರು ಉತ್ತರಕ್ಕಾಗಿ ಕಾದು ನಿಂತರು. ಏಳು ಮಂದಿ ಸದಸ್ಯರಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ಕೊನೆಗೆ ಅಧ್ಯಕ್ಷರು ಗಡಿಯಾರ ನೋಡಿ, ನಿಮ್ಮ ಮೂರು ನಿಮಿಷ ಮುಗಿಯಿತು ಎಂದರು. ಇಂದುಮತಿಯವರು ಎಪ್ಪತ್ತು ಫೋಟೋಗಳನ್ನು ಅವರ ಮೇಜಿನ ಮೇಲಿಟ್ಟು ಹೊರಬಂದರು.

ಪತ್ರಿಕೆಯಲ್ಲಿ ಫೋಟೋ ಬಂದ ಮೇಲೆ ಎಸೆಯುವುದು ನಿಂತಿತು. ಉಳಿದಿದ್ದ ಆರು ಸಾವಿರದಷ್ಟು ಪುಸ್ತಕಗಳು ಪೆಟ್ಟಿಗೆ ಸೇರಿ ನಗರದ ಗ್ರಂಥಾಲಯದ ನೆಲಮಾಳಿಗೆಗೆ ಹೋದವು. ಆದರೆ ಶಾಲೆಯ ಗ್ರಂಥಾಲಯ ಮುಚ್ಚಿಯೇ ಮುಚ್ಚಿತು. ಆಗಸ್ಟಿನಲ್ಲಿ ಇಂದುಮತಿಯವರಿಗೆ ಸಿಕ್ಕ ಹೊಸ ಕೆಲಸ ಕ್ಯಾಂಟೀನಿನ ಉಸ್ತುವಾರಿ, ಮತ್ತು ತಪ್ಪು ಮಾಡಿದ ಮಕ್ಕಳನ್ನು ಕೂರಿಸುವ ಡಿಟೆನ್ಷನ್ ಕೋಣೆಯ ಕಾವಲು. ಕಂಪ್ಯೂಟರ್ ಲ್ಯಾಬ್ ಬೇರೊಬ್ಬರಿಗೆ ಹೋಯಿತು. ಎರಡು ಪದವಿ ಪಡೆದ, ಹದಿನಾರು ವರ್ಷ ಸೇವೆ ಮಾಡಿದ ಗ್ರಂಥಪಾಲಕಿಯ ಕೈಗೆ ಟೇಬಲ್ ಒರೆಸುವ ಬಟ್ಟೆ ಕೊಟ್ಟ ಆ ಕ್ರೌರ್ಯವನ್ನು ಕಾಗದದಲ್ಲಿ ‘ಪುನರ್ವಿಂಗಡಣೆ’ ಎಂದು ಬರೆಯಲಾಗಿತ್ತು.

ಇದೆಲ್ಲವನ್ನೂ ಅವರು ನುಂಗಿದರು. ನುಂಗದೆ ಹೋದದ್ದು ಒಂದು ವಾಕ್ಯವನ್ನು. ಮೇ ತಿಂಗಳ ಸಭೆಯ ನಡಾವಳಿ ಜೂನ್‌ನಲ್ಲಿ ಪ್ರಕಟವಾದಾಗ ಅದರಲ್ಲಿ ಹೀಗಿತ್ತು: ಗ್ರಂಥಪಾಲಕಿ ಶ್ರೀಮತಿ ಹಿರೇಮಠ ಅವರು ವೈಕಿಂಗ್ ಇತಿಹಾಸದ ಕುರಿತು ಮಾತನಾಡಿ ಮಂಡಳಿಗೆ ಧನ್ಯವಾದ ಅರ್ಪಿಸಿದರು.

ಇಂದುಮತಿಯವರು ಅದನ್ನು ಮೂರು ಸಲ ಓದಿದರಂತೆ. ಪುಸ್ತಕ ಎಸೆದದ್ದಕ್ಕಿಂತ ಇದು ಅವರನ್ನು ಹೆಚ್ಚು ಸುಟ್ಟಿತು. ಐವತ್ತು ವರ್ಷದ ಮೇಲೆ ಯಾರಾದರೂ ಈ ಕಾಗದ ತೆಗೆದು ಓದಿದರೆ ಪುಸ್ತಕವೂ ಇಲ್ಲ, ಡಂಪ್‌ಸ್ಟರ್ ಕೂಡ ಇಲ್ಲ, ಕೇಳಿದ ಪ್ರಶ್ನೆಯೂ ಇಲ್ಲ. ಕೈಮುಗಿದು ನಿಂತ ಒಬ್ಬ ಭಾರತೀಯ ಹೆಂಗಸು ಮಾತ್ರ. ಅವರು ಜೂನ್ ಸಭೆಗೆ ಹೋಗಿ ತಮ್ಮ ಮೂರು ನಿಮಿಷದಲ್ಲಿ, ನಾನು ಧನ್ಯವಾದ ಹೇಳಿಲ್ಲ, ನಡಾವಳಿ ತಿದ್ದಿ ಎಂದರು. ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು. ಜುಲೈನಲ್ಲಿ ಹೋದರು. ಆಗಸ್ಟಿನಲ್ಲಿ ಹೋದರು. ಹಗಲೆಲ್ಲ ಕ್ಯಾಂಟೀನಿನಲ್ಲಿ ನಿಂತು ಕಾಲು ಊದಿಕೊಂಡ ದಿನವೂ ಹೋದರು. ಪ್ರತಿ ಸಲವೂ ಮಿಸೆಸ್ ವಾಯ್ಚಿಕ್ ಎರಡನೆಯ ಸಾಲಿನಲ್ಲಿ ಸ್ವೆಟರ್ ಹೆಣೆಯುತ್ತ ಕೂತಿರುತ್ತಿದ್ದರು. ಸದಸ್ಯರು ಮೊದಲು ನಕ್ಕರು, ಆಮೇಲೆ ಬೇಸರಪಟ್ಟರು, ಚಳಿಗಾಲದ ಹೊತ್ತಿಗೆ ಇಂದುಮತಿಯವರ ಹೆಸರು ಕರೆಯುವಾಗ ಅಧ್ಯಕ್ಷರ ದನಿ ಸಣ್ಣದಾಗತೊಡಗಿತು.

ಡಿಟೆನ್ಷನ್ ಕೋಣೆಯಲ್ಲಿ ಅವರು ಡಂಪ್‌ಸ್ಟರಿನಿಂದ ಎತ್ತಿ, ಒಣಗಿಸಿ, ಇಸ್ತ್ರಿ ಹಾಕಿ ನೇರ ಮಾಡಿದ ಮುನ್ನೂರು ಪುಸ್ತಕಗಳನ್ನು ಕ್ಯಾಂಟೀನಿನ ತಳ್ಳುಗಾಡಿಯಲ್ಲಿಟ್ಟಿದ್ದರು. ಶಿಕ್ಷೆಗೆಂದು ಬಂದ ಮಕ್ಕಳು ಬೇಸರಕ್ಕೆ ಓದಿದರು. ಆ ವರ್ಷ ಶಾಲೆಯಲ್ಲಿ ಪುಸ್ತಕ ಸಿಗುತ್ತಿದ್ದ ಒಂದೇ ಒಂದು ಕೋಣೆ ಅದು. ಓದುವ ಆಸೆಗೆ ಬೇಕೆಂದೇ ತಡವಾಗಿ ಬಂದು ಶಿಕ್ಷೆ ಪಡೆದ ಮಕ್ಕಳೂ ಇದ್ದರೆಂದು ಮಿಸೆಸ್ ವಾಯ್ಚಿಕ್ ಹೇಳುತ್ತಾರೆ. ಶಾಲೆಯನ್ನು ಇಷ್ಟು ಚೆನ್ನಾಗಿ ನಾಚಿಸಿದ ದಾಖಲೆ ಇನ್ನೊಂದಿಲ್ಲ.

2010ರ ಏಪ್ರಿಲ್‌ನ ಹನ್ನೊಂದನೆಯ ಸಭೆಯಲ್ಲಿ, ಹೊಸದಾಗಿ ಬಂದಿದ್ದ ಒಬ್ಬ ಸದಸ್ಯೆ ಪತ್ರಿಕೆಯ ಹಳೆಯ ವರದಿಯನ್ನು ಮೇಜಿನ ಮೇಲಿಟ್ಟು, ಈಕೆ ಹೇಳುವುದು ನಿಜವಾದರೆ ತಿದ್ದಲು ಕಷ್ಟವೇನು ಎಂದು ಕೇಳಿದರು. ನಾಲ್ಕು ಮತ ಪರವಾಗಿ, ಮೂರು ವಿರುದ್ಧವಾಗಿ ಬಿದ್ದವು. ತಿದ್ದಿದ ನಡಾವಳಿ ಹೀಗಿದೆ: ಗ್ರಂಥಪಾಲಕಿ ಶ್ರೀಮತಿ ಹಿರೇಮಠ ಅವರು, ಶಾಲೆಯ ಪುಸ್ತಕಗಳನ್ನು ಕಸಕ್ಕೆ ಎಸೆಯಲು ಆದೇಶಿಸಿದವರು ಯಾರು ಎಂದು ಮಂಡಳಿಯನ್ನು ಕೇಳಿದರು. ಮಂಡಳಿ ಉತ್ತರಿಸಲಿಲ್ಲ.

ಸಂಗನಬಸಪ್ಪನವರಿಗೆ ಆ ಬೇಸಿಗೆಯಲ್ಲಿ ಹಳೆಯ ಸಂಬಳದ ಅರ್ಧಕ್ಕೆ ಒಂದು ಕೆಲಸ ಸಿಕ್ಕಿತು. 2013ರಲ್ಲಿ ಹೊಸ ಆಡಳಿತ ಒಂದು ತರಗತಿಯಷ್ಟು ಜಾಗದಲ್ಲಿ ಗ್ರಂಥಾಲಯವನ್ನು ಮತ್ತೆ ತೆರೆದು ಇಂದುಮತಿಯವರನ್ನು ಕರೆಯಿತು. ನೆಲಮಾಳಿಗೆಯ ಪೆಟ್ಟಿಗೆಗಳಲ್ಲಿ ಅರ್ಧದಷ್ಟನ್ನು ಅವರು ಮರಳಿ ತಂದು ಜೋಡಿಸಿದರು. ಕಳೆದುಕೊಂಡ ಐದು ಸಾವಿರ ಪುಸ್ತಕ ಮರಳಲಿಲ್ಲ. ಅವರ ಕ್ಷಮೆಯನ್ನು ಯಾರೂ ಕೇಳಲಿಲ್ಲ. ಮೈದಾನದ ಬಾಗಿಲಲ್ಲಿ ಫೈಬರ್‌ಗ್ಲಾಸ್ ವೈಕಿಂಗ್ ಈಗಲೂ ಕೊಂಬು ಸಮೇತ ನಿಂತಿದ್ದಾನೆ.

ನಿವೃತ್ತಿಯ ನಂತರ ಕನ್ನಡದ ಮಕ್ಕಳಿಗಾಗಿ ವೈಕಿಂಗರ ಬಗ್ಗೆ ಒಂದು ಪುಸ್ತಕ ಬರೆಯುವ ಯೋಜನೆ ಅವರಿಗಿದೆ. ಬುದ್ಧನ ವಿಗ್ರಹದಿಂದ ಆರಂಭಿಸಿ ಗುಲಾಮರ ಸಂತೆಯವರೆಗೆ ಏನನ್ನೂ ಮುಚ್ಚಿಡದೆ ಬರೆಯುತ್ತೇನೆ ಎಂದಿದ್ದಾರೆ. ಅವರ ಕಣ್ಣು, ಕೈ, ಕಾಲು ಇನ್ನೂ ಹಲವು ದಶಕ ಗಟ್ಟಿಯಾಗಿರಲಿ, ಸಂಗನಬಸಪ್ಪನವರ ಜೊತೆ ಅವರ ಜಗಳವೂ ಸ್ನೇಹವೂ ಹೀಗೆಯೇ ಮುಂದುವರಿಯಲಿ, ಅವರ ಸಿಟ್ಟಿಗೆ ಮುಪ್ಪು ಬಾರದಿರಲಿ ಎಂದು ಹಾರೈಸುವುದು ನಮ್ಮ ಕರ್ತವ್ಯ. ಆದರೆ ಹಾರೈಕೆ ಖರ್ಚಿಲ್ಲದ ವಸ್ತು, ಅದನ್ನು ನಾವು ಅವರಿಗೆ ಹಿಂದೆಯೂ ಧಾರಾಳವಾಗಿ ಕೊಟ್ಟಿದ್ದೇವೆ.

ಕಳೆದ ತಿಂಗಳು ಸಮಿತಿಯವರೊಡನೆ ಈ ಲೇಖಕಿಯೂ ಅವರ ಮನೆಗೆ ಹೋಗಿ, ಸನ್ಮಾನಕ್ಕೆ ಒಪ್ಪಿಗೆ ಕೇಳಿದ್ದಳು. ಅವರು ನಿವೃತ್ತರಾದ ಮೇಲೆ ಆ ಹುದ್ದೆಯನ್ನು ತುಂಬದೆ ಬಿಡುವ ಪ್ರಸ್ತಾಪ ಮೇ ಕೊನೆಯ ಸಭೆಗೆ ಬರಲಿದೆಯಂತೆ. ಇಂದುಮತಿಯವರು ಎಲ್ಲರಿಗೂ ಚಹಾ ಕೊಟ್ಟು ಹೇಳಿದ್ದು ಇಷ್ಟೇ. “ಶಾಲು ಆಮ್ಯಾಲೆ ಹೊಚ್ಚೀರಂತ. ಮೊದಲು ಸೋಮವಾರ ಸಂಜಿ ಏಳಕ್ಕ ಅಲ್ಲಿ ಬಂದು ಕೂಡ್ರಿ.”

ಹದಿನೇಳು ಮನೆಯವರು ಬರುತ್ತೇವೆ ಎಂದಿದ್ದಾರೆ. ಹೇಳುವುದಕ್ಕೂ ಬರುವುದಕ್ಕೂ ಇರುವ ದೂರ ಇಂದುಮತಿಯವರಿಗೆ ಚೆನ್ನಾಗಿ ಗೊತ್ತಿದೆ. ಈ ಲೇಖಕಿ ಮಾತಾಡುವವರ ಪಟ್ಟಿಯಲ್ಲಿ ಹೆಸರು ಬರೆಸಿದ್ದಾಳೆ.